ಕೆಸರಲ್ಲಿ ಉಳಿದ ಪುಟ್ಟ ತಲೆಗಳು

ಪ್ರಶ್ನೆ: ಆಲ್ಪ್ಸ್ ಬೆಟ್ಟಗಳ ಸರೋವರದ ಕೆಸರಲ್ಲಿ ಸಿಗುವ ಹುಳುಗಳನ್ನು ನೋಡಿ, ಹತ್ತು ಸಾವಿರ ವರ್ಷದ ಹಿಂದೆ ಅಲ್ಲಿ ಬೇಸಿಗೆ ಎಷ್ಟು ಬೆಚ್ಚಗಿತ್ತು ಅಂತ ಹೇಳುತ್ತಾರಂತೆ. ಆಗ ಥರ್ಮಾಮೀಟರೇ ಇರಲಿಲ್ಲವಲ್ಲ, ನಂಬುವುದು ಹೇಗೆ? ನಮ್ಮೂರ ಕೆರೆ ಹೂಳಲ್ಲೂ ಹೀಗೆ ನೋಡಬಹುದಾ?
– ಓದುಗರೊಬ್ಬರು, ತಿಪಟೂರು

ಉತ್ತರ: ನಂಬಬಹುದು, ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ.

ಸಂಜೆ ಕೆರೆ ಏರಿಯ ಮೇಲೆ ನಡೆಯುವಾಗ ತಲೆ ಮೇಲೆ ಗುಂಪುಗುಂಪಾಗಿ ಹಾರುವ, ಸೊಳ್ಳೆ ಥರಾನೇ ಇದ್ದರೂ ಕಚ್ಚದ ಹುಳುಗಳನ್ನು ನೀವು ನೋಡಿರುತ್ತೀರಿ. ಅವು ಕೈರೊನೊಮಿಡ್‌ಗಳು. ಅವುಗಳ ಮರಿ ಬೆಳೆಯುವುದು ನೀರಿನ ತಳದ ಕೆಸರಲ್ಲಿ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿಗೆ ಅಂತ ಮಾರುವ ಕೆಂಪು ಬ್ಲಡ್‌ವರ್ಮ್ ಇದೇ ಕುಟುಂಬದ್ದು. ಮರಿ ಪೊರೆ ಬಿಟ್ಟಾಗಲೆಲ್ಲ ತಲೆಯ ಚಿಪ್ಪು ಕೆಸರಿಗೆ ಬೀಳುತ್ತದೆ. ಅದು ಕೈಟಿನ್ ಅನ್ನುವ, ಸುಲಭಕ್ಕೆ ಕೊಳೆಯದ ಗಟ್ಟಿ ಪದಾರ್ಥದಿಂದ ಆದದ್ದು, ಹಾಗಾಗಿ ಮೆತ್ತಗಿನ ಮೈಯೆಲ್ಲ ಕೊಳೆತು ಹೋದರೂ ಚಿಪ್ಪು ಮಾತ್ರ ಸಾವಿರಾರು ವರ್ಷ ಉಳಿಯುತ್ತದೆ. ಅದರ ಹಲ್ಲಿನ ಸಾಲು ನೋಡಿದರೆ ಹುಳು ಯಾವ ಬಗೆಯದು ಅಂತ ಗೊತ್ತಾಗುತ್ತದೆ.

ಸರೋವರದ ತಳಕ್ಕೆ ಕೊಳವೆ ಇಳಿಸಿ ಕೆಸರಿನ ಕಂಬವನ್ನು ಮೇಲೆತ್ತುತ್ತಾರೆ. ಅದರಲ್ಲಿ ಸಿಕ್ಕ ಎಲೆ, ಕಡ್ಡಿಗಳ ಕಾರ್ಬನ್ ಪರೀಕ್ಷೆಯಿಂದ ಪದರದ ವಯಸ್ಸು ಸಿಗುತ್ತದೆ. ಆಮೇಲೆ ಕೆಸರನ್ನು ಸಣ್ಣ ಜರಡಿಯಲ್ಲಿ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ತಲೆಯನ್ನು ಚಿಮಟದಿಂದ ಹೆಕ್ಕಬೇಕು, ಒಂದು ಪದರಕ್ಕೆ ಕಡಿಮೆ ಅಂದರೂ ಸುಮಾರು 50. ಈ ತಾಳ್ಮೆ ನನಗೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ಇನ್ನು ನಿಮ್ಮ ಥರ್ಮಾಮೀಟರ್ ಪ್ರಶ್ನೆ. ಇಲ್ಲಿ ಬೆಟ್ಟವೇ ಥರ್ಮಾಮೀಟರ್. ಸಾವಿರ ಮೀಟರ್ ಹತ್ತಿದರೆ ಸುಮಾರು 6 ಡಿಗ್ರಿ ತಂಪಾಗುತ್ತದೆ, ಹಾಗಾಗಿ ತಪ್ಪಲಿನಿಂದ ನೆತ್ತಿಯವರೆಗೆ ಇರುವ ಹತ್ತಾರು ಸರೋವರಗಳ ಮೇಲ್ಪದರದ ಕೆಸರು ತಂದು, ಯಾವ ಹುಳು ಅಲ್ಲಿನ ನಡುಬೇಸಿಗೆಯಾದ ಜುಲೈನ ಎಷ್ಟು ಬಿಸಿಯಲ್ಲಿ ಜಾಸ್ತಿ ಇದೆ ಅಂತ ಲೆಕ್ಕ ಹಾಕುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಆಲಿವರ್ ಹೈರಿ, ಆಂಡ್ರೆ ಲಾಟರ್ ಮುಂತಾದ ವಿಜ್ಞಾನಿಗಳು ಮಾಡಿದ್ದು ಇದನ್ನೇ. ಅದೇ ಲೆಕ್ಕವನ್ನು ಹಳೇ ಪದರಗಳಿಗೂ ಹಚ್ಚುತ್ತಾರೆ. ಸುಮಾರು 12,900 ವರ್ಷದ ಹಿಂದೆ, ಹಿಮಯುಗ ಮುಗಿಯುತ್ತಾ ಬಂದ ಹೊತ್ತಲ್ಲಿ ಯುರೋಪಿಗೆ ಮತ್ತೆ ಥಂಡಿ ಮರಳಿ ಸಾವಿರಕ್ಕೂ ಹೆಚ್ಚು ವರ್ಷ ನಿಂತಿತ್ತಲ್ಲ, ಅದು ಈ ತಲೆಗಳಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಲೆಕ್ಕದಲ್ಲಿ ಒಂದರಿಂದ ಒಂದೂವರೆ ಡಿಗ್ರಿ ಆಚೀಚೆ ಆಗಬಹುದು. ಮೂರು ಡಿಗ್ರಿ ಇಳಿಯಿತು ಅಂದರೆ ನಂಬಿ, ಅರ್ಧ ಡಿಗ್ರಿ ಅಂದರೆ ಇನ್ನೊಂದು ಪುರಾವೆ ಕೇಳಿ.

ಇನ್ನೊಂದು ತೊಡಕಿದೆ. ಹುಳುವಿಗೆ ಬಿಸಿ ಎಷ್ಟು ಮುಖ್ಯವೋ ನೀರಿನ ಆಮ್ಲಜನಕವೂ ಅಷ್ಟೇ ಮುಖ್ಯ. ಸ್ವಿಟ್ಜರ್ಲೆಂಡಿನ, 1,935 ಮೀಟರ್ ಎತ್ತರದ ಸೇಗಿಸ್ಟಾಲ್‌ಸೇ ಸರೋವರದ ಸುತ್ತ ಜನ ಕಾಡು ಕಡಿದು ದನ ಮೇಯಿಸತೊಡಗಿದ ಮೇಲೆ ತಳದ ನೀರಲ್ಲಿ ಆಮ್ಲಜನಕ ಕಡಿಮೆಯಾಗಿ ಅಲ್ಲಿನ ಹುಳುಗಳ ಬಳಗವೇ ಬದಲಾಯಿತು. ಹವಾಮಾನದ್ದು ಯಾವುದು, ದನದ್ದು ಯಾವುದು ಅಂತ ಬಿಡಿಸದೆ ಸುಮ್ನೆ ಡಿಗ್ರಿ ಹೇಳಿದರೆ ತಪ್ಪಾಗುತ್ತದೆ.

ನಿಮ್ಮೂರ ಕೆರೆಯಲ್ಲೂ ಹುಡುಕಿದರೆ ತಲೆಗಳು ಸಿಕ್ಕಾವು. ಆದರೆ ನಮ್ಮ ಕಡೆ ಕೆರೆಗಳು ಹೆಚ್ಚಾಗಿ ಜನ ಏರಿ ಕಟ್ಟಿ ಮಾಡಿದವು, ಏರಿಗೆ ಎಷ್ಟು ವಯಸ್ಸೋ ಹೂಳಿಗೂ ಅಷ್ಟೇ. ಆ ತಲೆಗಳು ಬಿಸಿಲಿಗಿಂತ ಜಾಸ್ತಿ ಹೇಳುವುದು ನೀರು ಯಾವಾಗ ಕೆಟ್ಟಿತು ಅನ್ನುವುದನ್ನು. ಅದೂ ಕಡಿಮೆ ವಿಷಯವಲ್ಲ ಅಲ್ವಾ? ಒಂದೇ ಷರತ್ತು, ಆ ಜಾಗದಲ್ಲಿ ಹೂಳೆತ್ತಿ ಹೊಲಕ್ಕೆ ಹೊಡೆದಿರಬಾರದು. ಹೂಳಿನ ಜೊತೆ ಪದರಗಳೂ ಹೊಲ ಸೇರಿರುತ್ತವೆ.