ಫೆಲಿಕ್ಸ್ ಬೆಕ್ಕನ್ನು ಸೃಷ್ಟಿಸಿದವರು ಯಾರು?

ಪ್ರಶ್ನೆ: ಹಳೆಯ ಕಾರ್ಟೂನ್ ಪಾತ್ರಗಳ ಕುರಿತು ಕನ್ನಡದಲ್ಲಿ ಪರಿಚಯಕೋಶವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ಫೆಲಿಕ್ಸ್ ದಿ ಕ್ಯಾಟ್’ ಅನ್ನು ಕಾಮಿಕ್ಸ್ ವಿಭಾಗಕ್ಕೆ ಸೇರಿಸಬೇಕೋ, ಅನಿಮೇಷನ್ ವಿಭಾಗಕ್ಕೋ? ನನ್ನ ಬಳಿಯಿರುವ ಹಳೆಯ ಪತ್ರಿಕೆಯ ಪುಟದಲ್ಲಿ ಪ್ಯಾಟ್ ಸಲಿವನ್ ಎಂದು ಅಚ್ಚಾಗಿದೆ. ಬೇರೆಡೆ ಆಟೊ ಮೆಸ್ಮರ್ ಎಂದಿದೆ. ಯಾವುದನ್ನು ನಂಬಲಿ?

ಉತ್ತರ: ವರ್ಗೀಕರಣದ ಪ್ರಶ್ನೆಯಲ್ಲಿ ಗೊಂದಲವಿಲ್ಲ. ಫೆಲಿಕ್ಸ್ ತೆರೆಗೆ ಬಂದದ್ದು 1919ರಲ್ಲಿ, ಪತ್ರಿಕೆಗಳ ಕಾಮಿಕ್ ಸ್ಟ್ರಿಪ್‌ಗೆ ಬಂದದ್ದು 1923ರಲ್ಲಿ. ಆದ್ದರಿಂದ ಮೂಕಿ ಯುಗದ ಅನಿಮೇಷನ್ ಪಾತ್ರವೆಂಬುದೇ ಮುಖ್ಯ ವರ್ಗವಾಗಬೇಕು. ಆದರೆ 1919ರ ನವೆಂಬರ್ 9ರಂದು ಬಿಡುಗಡೆಯಾದ ‘ಫೀಲೈನ್ ಫಾಲೀಸ್’ ಚಿತ್ರದಲ್ಲಿ, ತಾನು ಪ್ರೇಯಸಿಯ ಹಿಂದೆ ಅಲೆಯುತ್ತಿರುವಾಗ ಕಾಯಬೇಕಾದ ಮನೆಯನ್ನು ಇಲಿಗಳ ಪಾಲಿಗೆ ಬಿಟ್ಟುಬಿಡುವ ಆ ಚೂಪುಮೂತಿಯ ಬೆಕ್ಕಿನ ಹೆಸರು ಮಾಸ್ಟರ್ ಟಾಮ್. ಫೆಲಿಕ್ಸ್ ಎಂಬ ಹೆಸರು ಬಂದದ್ದು ಅದೇ ವರ್ಷದ ಡಿಸೆಂಬರ್‌ನ ಚಿತ್ರದಲ್ಲಿ. ಹೀಗಾಗಿ ‘ಮೊದಲು ಕಾಣಿಸಿದ್ದು’ ಮತ್ತು ‘ಹೆಸರು ಪಡೆದದ್ದು’ ಎಂದು ಎರಡು ದಿನಾಂಕಗಳನ್ನು ಬೇರೆಬೇರೆಯಾಗಿಯೇ ನಮೂದಿಸಿ.

ಸೃಷ್ಟಿಕರ್ತನ ಪ್ರಶ್ನೆ ಕಠಿಣವಾದದ್ದು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಸಲಿವನ್ ನ್ಯೂಯಾರ್ಕಿನ ಸ್ಟುಡಿಯೊದ ಮಾಲೀಕರು. ಮೆಸ್ಮರ್ ಅಲ್ಲಿ ದುಡಿಯುತ್ತಿದ್ದ ಕಲಾವಿದರು. ನೌಕರರು ಬರೆದ ಚಿತ್ರಕ್ಕೆ ಮಾಲೀಕರ ಹೆಸರು ಹಾಕುವುದು ಅಂದಿನ ರೂಢಿಯಾಗಿದ್ದುದರಿಂದ, ನಿಮ್ಮ ಪುಟದಲ್ಲಿರುವ ಹೆಸರು ಒಡೆತನಕ್ಕೆ ಪುರಾವೆಯೇ ಹೊರತು ಕೈಚಳಕಕ್ಕಲ್ಲ. ಮೆಸ್ಮರ್ ಪರವಾಗಿ ಅವರ ಸಹೋದ್ಯೋಗಿಗಳ ಸಾಕ್ಷ್ಯವಿದೆ, ಅನಿಮೇಷನ್ ಇತಿಹಾಸಕಾರರಲ್ಲಿ ಹೆಚ್ಚಿನವರ ಒಪ್ಪಿಗೆಯೂ ಇದೆ; ಆದರೂ ಅವರ ಹಕ್ಕುಸಾಧನೆ ಬಹಿರಂಗವಾದದ್ದು 1933ರಲ್ಲಿ ಸಲಿವನ್ ತೀರಿಕೊಂಡು ದಶಕಗಳಾದ ಮೇಲೆ. ಇನ್ನೊಂದು ಕಡೆ, ಮೊದಲ ಚಿತ್ರದ ಮಾತಿನ ಗುಳ್ಳೆಗಳಲ್ಲಿರುವ ಅಕ್ಷರಗಳು ಸಲಿವನ್ ಅವರ ಕೈಬರಹವನ್ನೇ ಹೋಲುತ್ತವೆಂದು ಸಿಡ್ನಿಯ ನ್ಯೂ ಸೌತ್ ವೇಲ್ಸ್ ರಾಜ್ಯ ಗ್ರಂಥಾಲಯ ವಾದಿಸಿದೆ. ಇದು ತಳ್ಳಿಹಾಕುವಂತಹ ಪುರಾವೆಯಲ್ಲ; ಆದರೆ ಅಕ್ಷರ ಬರೆದ ಕೈಯೇ ಬೆಕ್ಕನ್ನೂ ಬರೆಯಿತೆಂದು ಅದರಿಂದ ಸಾಬೀತಾಗುವುದಿಲ್ಲ. ಸಲಿವನ್ ಸ್ಟುಡಿಯೊದ 1917ರ ‘ದಿ ಟೇಲ್ ಆಫ್ ಥಾಮಸ್ ಕ್ಯಾಟ್’ ಚಿತ್ರವನ್ನು ಫೆಲಿಕ್ಸ್‌ನ ಪೂರ್ವಜವೆಂದು ತೋರಿಸುವುದುಂಟು. ಆ ಚಿತ್ರದ ಪ್ರತಿಯೇ ಉಳಿದಿಲ್ಲದಿರುವಾಗ ಎರಡು ಬೆಕ್ಕುಗಳ ರೂಪವನ್ನು ಹೋಲಿಸಿ ನೋಡಲಾಗದು. ಹೆಸರಿನ ಸಾಮ್ಯವೊಂದನ್ನೇ ನೆಚ್ಚಿ ವಂಶಾವಳಿ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ನಾನಾದರೆ ‘ನಿರ್ಮಾಣ: ಪ್ಯಾಟ್ ಸಲಿವನ್ ಸ್ಟುಡಿಯೊ, ಪಾತ್ರವನ್ನು ಬೆಳೆಸಿದವರು: ಆಟೊ ಮೆಸ್ಮರ್, ಮೂಲ ಕಲ್ಪನೆ: ವಿವಾದಿತ’ ಎಂದು ಬರೆದು, ಪ್ರತಿಯೊಂದರ ಮುಂದೆಯೂ ಆಧಾರವೇನೆಂದು ತಿಳಿಸುತ್ತೇನೆ. ನಿಮ್ಮ ಪತ್ರಿಕೆಯ ಪುಟದ ದಿನಾಂಕವನ್ನೂ ಅಚ್ಚಾದ ಹೆಸರನ್ನೂ ಇದ್ದಂತೆಯೇ ದಾಖಲಿಸಿ. ‘ಚಿತ್ರಕಾರರು’ ಎಂಬ ಅಂಕಣಕ್ಕೆ ಮಾತ್ರ ಆ ಹೆಸರನ್ನು ನೇರವಾಗಿ ಇಳಿಸಬೇಡಿ.