ತಿಣುಕುತ್ತಿರುವುದು ಹಿಕ್ಕೆಗಲ್ಲ, ಮೂತ್ರಕ್ಕೆ

ಅಣ್ಣ, ಟಗರಿಗೆ ಹಿಕ್ಕೆ ಕಟ್ಟಿದೆ ಎಂದು ಹರಳೆಣ್ಣೆ ಕುಡಿಸುವುದನ್ನು ಮೊದಲು ನಿಲ್ಲಿಸಿ. ನಿನ್ನೆ ಸಂಜೆಯಿಂದ ಟಗರು ಬೆನ್ನು ಬಾಗಿಸಿ ತಿಣುಕುತ್ತಿದೆ, ಬಾಲ ಅದುರಿಸುತ್ತಿದೆ, ಹಲ್ಲು ಕಡಿಯುತ್ತಿದೆ, ಬೂಸಾ ಮೂಸಿಯೂ ನೋಡುತ್ತಿಲ್ಲ ಎಂದು ಬರೆದಿದ್ದೀರಿ. ಎರಡು ತಿಂಗಳಿಗೇ ಬೀಜ ಒಡೆಸಿದ ಮರಿ, ಬಕ್ರೀದ್‌ಗೆಂದು ಮೆಕ್ಕೆಜೋಳ, ಗೋಧಿ ಬೂಸಾ ಹಾಕಿ ಕೊಬ್ಬಿಸುತ್ತಿದ್ದೀರಿ. ಇಷ್ಟೆಲ್ಲ ಕೂಡಿ ಬಂದಾಗ ಹೊಟ್ಟೆ ಕಟ್ಟಿದೆ ಎಂದುಕೊಂಡು ಕಾಯಬಾರದು. ಮೂತ್ರನಾಳಕ್ಕೆ ಕಲ್ಲು ಸಿಕ್ಕಿದೆ ಎಂದೇ ತಿಳಿದು ಇವತ್ತೇ ವೈದ್ಯರ ಬಳಿಗೆ ಓಡಬೇಕು.

ನೀವೇ ಒಮ್ಮೆ ನೋಡಿ. ಹೊಟ್ಟೆಯ ಕೆಳಗೆ ಮೂತ್ರ ಬರುವ ಜಾಗದ ಕೂದಲು ಒಣಗಿದೆಯೇ? ಕೂದಲ ತುದಿಗೆ ಬಿಳಿಯ ಮರಳಿನಂತಹ ಕಣ ಅಂಟಿದೆಯೇ? ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ನೆಲದಲ್ಲಿ ತೇವವೇ ಇಲ್ಲದಿದ್ದರೆ, ಅಥವಾ ನಾಲ್ಕು ಹನಿ ಬಂದು ನಿಂತರೆ, ಇನ್ನು ಅನುಮಾನ ಬೇಡ.

ನಿಮ್ಮ ಪ್ರಶ್ನೆಗೆ ಇಲ್ಲಿ ಒಬ್ಬರು ಬಾಳೆದಿಂಡಿನ ರಸ, ಇನ್ನೊಬ್ಬರು ಬಾರ್ಲಿ ನೀರು ಹೇಳಿದ್ದಾರೆ. ದಾರಿ ಮುಚ್ಚಿರುವಾಗ ನೀರು ತುಂಬಿಸಿದರೆ ಮೂತ್ರಕೋಶ ಇನ್ನಷ್ಟು ಊದುತ್ತದೆ, ಅಷ್ಟೇ. ಮೂತ್ರ ಬರಿಸುವ ಇಂಜೆಕ್ಷನ್ ಕೂಡ ಹಾಗೆಯೇ. ಅಡುಗೆ ಸೋಡಾವಂತೂ ಬೇಡವೇ ಬೇಡ. ಧಾನ್ಯ ತಿನ್ನುವ ಕುರಿಯಲ್ಲಿ ಬರುವುದು ಹೆಚ್ಚಾಗಿ ಫಾಸ್ಫೇಟ್ ಕಲ್ಲು, ಅಂದರೆ ರಂಜಕದ ಕಲ್ಲು, ಅದು ಕ್ಷಾರದ ಮೂತ್ರದಲ್ಲಿ ಬೆಳೆಯುತ್ತದೆ. ಸೋಡಾ ಹಾಕಿದರೆ ಕಲ್ಲಿಗೆ ಗೊಬ್ಬರ ಹಾಕಿದಂತೆ.

ಗಂಡಿನಲ್ಲೇ ಇದು ಯಾಕೆ ಎಂದರೆ, ಹೆಣ್ಣಿನ ಮೂತ್ರನಾಳ ಗಿಡ್ಡ ಮತ್ತು ಅಗಲ, ಕಣ ಜಾರಿಹೋಗುತ್ತದೆ. ಟಗರು, ಹೋತಗಳಲ್ಲಿ ನಾಳ ಉದ್ದ, ನಡುವೆ ಇಂಗ್ಲಿಷಿನ ‘ಎಸ್’ ಅಕ್ಷರದ ತಿರುವು, ತುದಿಯಲ್ಲಿ ಮೂರು ನಾಲ್ಕು ಸೆಂಟಿಮೀಟರಿನ ಹುಳುವಿನಂತಹ ಸಣ್ಣ ಬಾಲ. ಕಲ್ಲು ಸಿಕ್ಕಿಕೊಳ್ಳುವುದು ಬಹುತೇಕ ಈ ಎರಡು ಕಡೆ. ಎಳೆಯದರಲ್ಲೇ ಬೀಜ ಒಡೆಸಿದರೆ ನಾಳ ಪೂರ್ತಿ ಅಗಲವಾಗುವುದೂ ಇಲ್ಲ.

ವೈದ್ಯರು ಟಗರನ್ನು ಕುಂಡಿಯ ಮೇಲೆ ಕೂರಿಸಿ ಮೊದಲು ಆ ತುದಿಯನ್ನು ನೋಡುತ್ತಾರೆ. ಕಲ್ಲು ಅಲ್ಲಿದ್ದರೆ ಅದನ್ನು ಕತ್ತರಿಸುತ್ತಾರೆ, ಕೆಲವೊಮ್ಮೆ ಆಗಲೇ ಮೂತ್ರ ಚಿಮ್ಮುತ್ತದೆ. ಬ್ಲೇಡು ಹಿಡಿದು ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಮೂತ್ರ ಬಂತು ಎಂದು ಮೈಮರೆಯಲೂ ಬೇಡಿ, ಮೂತ್ರಕೋಶದಲ್ಲಿ ಉಳಿದ ಕಲ್ಲು ಮತ್ತೆ ಇಳಿದು ಬಂದು ಕಟ್ಟುವುದು ಮಾಮೂಲು. ತಿರುವಿನಲ್ಲಿ ಸಿಕ್ಕಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಮೂತ್ರಕೋಶಕ್ಕೆ ಕೊಳವೆ ಇಡಬೇಕಾಗುತ್ತದೆ. 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಿ. ಶಸ್ತ್ರಚಿಕಿತ್ಸೆ ಬೇಕೆಂದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಒಂದು ಎಚ್ಚರಿಕೆ: ತಿಣುಕುತ್ತಿದ್ದ ಟಗರು ಏಕಾಏಕಿ ತಣ್ಣಗಾಗಿ ನಿಂತರೆ ಗುಣವಾಯಿತು ಎಂದು ಖುಷಿಪಡಬೇಡಿ. ಮೂತ್ರಕೋಶ ಒಡೆದರೂ ನೋವು ಹೀಗೆಯೇ ಇಳಿಯುತ್ತದೆ. ಆಮೇಲೆ ಹೊಟ್ಟೆ ಎರಡೂ ಕಡೆ ಜೋಲುತ್ತದೆ, ಮೂತ್ರದ ವಿಷ ರಕ್ತಕ್ಕೆ ಏರುತ್ತದೆ. ಅಂಥದ್ದನ್ನು ಕಟುಕರಿಗೆ ದಾಟಿಸುವ ಸಲಹೆಯೂ ಇಲ್ಲಿ ಬಂದಿದೆ. ನನಗೆ ಅದು ಸರಿಕಾಣುವುದಿಲ್ಲ, ಆ ಮಾಂಸ ಮೂತ್ರ ನಾರುತ್ತದೆ.

ಉಳಿದ ಟಗರುಗಳ ಗೋದಲೆಗೆ ಹಾಕುವುದನ್ನು ಇವತ್ತೇ ಬದಲಿಸಿ. ಆಹಾರದಲ್ಲಿ ಸುಣ್ಣದಂಶ (ಕ್ಯಾಲ್ಸಿಯಂ) ಎರಡು ಪಾಲಿದ್ದರೆ ರಂಜಕ (ಫಾಸ್ಫರಸ್) ಒಂದು ಪಾಲು ಇರಬೇಕು. ಗೋಧಿ ಬೂಸಾದಲ್ಲಿ ರಂಜಕ ಶೇ. 1ರ ಆಸುಪಾಸು, ಸುಣ್ಣದಂಶ ಶೇ. 0.2ನ್ನೂ ಮುಟ್ಟುವುದಿಲ್ಲ. ಅಕ್ಕಿ ತೌಡಿನಲ್ಲಿ ಈ ಅಂತರ ಇನ್ನೂ ಹೆಚ್ಚು. ಕುರಿ ಒಣ ಮೇವನ್ನು ಮೆಲುಕು ಹಾಕಿದಷ್ಟೂ ಜೊಲ್ಲು ಬರುತ್ತದೆ, ಹೆಚ್ಚಿನ ರಂಜಕ ಜೊಲ್ಲಿನ ಮೂಲಕ ಹಿಕ್ಕೆಗೆ ಹೋಗುತ್ತದೆ. ಬರೀ ಹಿಟ್ಟು, ಬೂಸಾ ತಿಂದರೆ ಅದು ಮೂತ್ರಕ್ಕೆ ಇಳಿಯುತ್ತದೆ. ಹಾಗಾಗಿ ಬೂಸಾ ಅರ್ಧಕ್ಕೆ ಇಳಿಸಿ, ಶೇಂಗಾ ಹೊಟ್ಟು, ಹುರುಳಿ ಹೊಟ್ಟು ಹೊಟ್ಟೆ ತುಂಬ ಹಾಕಿ. ನೂರು ಕಿಲೋ ಹಿಟ್ಟಿನ ಮಿಶ್ರಣಕ್ಕೆ ಒಂದರಿಂದ ಒಂದೂವರೆ ಕಿಲೋ ಪಶು ಆಹಾರದ ಸುಣ್ಣಕಲ್ಲಿನ ಪುಡಿ, ಒಂದೆರಡು ಕಿಲೋ ಉಪ್ಪು ಸೇರಿಸಿ. ಉಪ್ಪು ತಿಂದದ್ದು ನೀರು ಕುಡಿಯುತ್ತದೆ, ಮೂತ್ರ ತೆಳುವಾಗುತ್ತದೆ. ಆದರೆ ತೊಟ್ಟಿಯಲ್ಲಿ ಪಾಚಿ ಕಟ್ಟಿದ್ದರೆ ಯಾವ ಟಗರೂ ಬಾಯಿ ಹಾಕುವುದಿಲ್ಲ. ಖನಿಜ ಮಿಶ್ರಣವನ್ನೇ ಹೆಚ್ಚು ಹಾಕಿದರಾಯಿತು ಎನ್ನಬೇಡಿ, ಅದರಲ್ಲೂ ರಂಜಕವಿದೆ.

ಮೂತ್ರವನ್ನು ಹುಳಿಯಾಗಿಸಲು ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ, ಕೊಡುತ್ತಾರೆ. 30 ಕಿಲೋ ಟಗರಿಗೆ ದಿನಕ್ಕೆ ಸುಮಾರು 6 ಗ್ರಾಂ, ಆದರೂ ವೈದ್ಯರನ್ನು ಕೇಳಿಯೇ. ಕಲಾಯಿಯವರ ಬಳಿ ಸಿಗುವುದು ಬೇಡ, ಶುದ್ಧವಾದದ್ದನ್ನೇ ತನ್ನಿ. ಯೂರಿಯಾ ಬೇರೆ, ಇದು ಬೇರೆ. ಮುಂದಿನ ಮರಿಗಳಿಗೆ ನಾಲ್ಕು ತಿಂಗಳಾಗುವವರೆಗೆ ಬೀಜ ಒಡೆಸಬೇಡಿ.

ಇನ್ನು, ಈಚೆಗೆ ಈದ ಎಮ್ಮೆಯ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದೆ ಎಂದು ಕೇಳಿದ ಅಕ್ಕನಿಗೆ: ಅದು ಈ ಕಾಯಿಲೆಯಲ್ಲ. ಅಲ್ಲಿ ರಂಜಕದ ಕೊರತೆಯೂ ಇರಬಹುದು, ಉಣ್ಣೆ (ಉಣುಗು) ಕಚ್ಚಿ ಬರುವ ಜ್ವರವೂ ಇರಬಹುದು. ಮೇಲೆ ಬರೆದ ಯಾವುದನ್ನೂ ಅದಕ್ಕೆ ಮಾಡಬೇಡಿ. ಒಂದು ಗಾಜಿನ ಸೀಸೆಯಲ್ಲಿ ಮೂತ್ರ ಹಿಡಿದು ಇವತ್ತೇ ಆಸ್ಪತ್ರೆಗೆ ಒಯ್ಯಿರಿ.