ಚೌಕದಲ್ಲಿ ಕೂರಲಾರದ ಹುಡುಗ

ಹೆಸರು ಬದಲಿಸಿದ್ದೇನೆ, ಊರು ಹೇಳುವುದಿಲ್ಲ. ಸೇಡಂ ಕಡೆಯವನು ಅಂದರೆ ಸಾಕು. ಶರಣು ಅಂದುಕೊಳ್ಳೋಣ. 13 ವರ್ಷ, ಎಂಟನೇ ತರಗತಿ, ಶಾಲೆಯ ಖೋ-ಖೋ ತಂಡದವನು.

ಅಪ್ಪ ಅವನನ್ನು ನನ್ನ ಹತ್ತಿರ ಕರೆತಂದದ್ದು ಕಾಲುನೋವಿಗೆ ಅಲ್ಲ. "ಮೇಡಂ, ನೀವಾರ ಇವಗ ಹೇಳ್ರಿ. ಗ್ರೌಂಡಿಗೆ ಹೋಗು ಅಂದ್ರ ಹೊಟ್ಟಿ ನೋವು ಅಂತಾನ. ಸುಳ್ಳು ಕಲ್ತಾನ." ಅವರು ಶಹಾಬಾದ್ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಪಾಲಿಶ್ ಮಾಡುವವರು. ಮಗ ಜಿಲ್ಲೆ ದಾಟಿ ಕಲಬುರಗಿ ವಿಭಾಗಕ್ಕೆ ಆಡಬೇಕು ಅನ್ನೋದು ಅವರ ಆಸೆ.

ಹುಡುಗ ಎಡಗಾಲನ್ನು ಮಡಚದೆ ಮುಂದಕ್ಕೆ ಚಾಚಿ ಕೂತಿದ್ದ. ನಾನು ಬೇಕಂತಲೇ ಪೆನ್ನು ಕೆಳಗೆ ಬೀಳಿಸಿದೆ. ಸಣ್ಣ ಕಿತಾಪತಿ, ಒಪ್ಪಿಕೊಳ್ಳುತ್ತೇನೆ. ಅವನು ಮೊಣಕಾಲು ಬಗ್ಗಿಸದೆ ಸೊಂಟ ಮಾತ್ರ ಬಾಗಿಸಿ ಎತ್ತಿಕೊಟ್ಟ.

ಅಪ್ಪನನ್ನು ಚಹಾಕ್ಕೆ ಕಳಿಸಿ ಕೇಳಿದೆ: "ನೋವು ಎಲ್ಲಿದೆ? ಒಂದೇ ಬೆರಳಲ್ಲಿ ತೋರಿಸು." ಮೊಣಕಾಲ ಚಿಪ್ಪಿನ ಕೆಳಗೆ, ಎಲುಬು ಅಡಿಕೆಯಷ್ಟು ಉಬ್ಬಿದ ಜಾಗದ ಮೇಲೆ ಬೆರಳಿಟ್ಟ. ಮೂರು ತಿಂಗಳಿಂದ ಹಾಗೇ ಇತ್ತಂತೆ. ಮತ್ತೆ ಹೊಟ್ಟೆನೋವು ಅಂತ ಯಾಕೆ ಹೇಳಿದೆ? "ಹೊಟ್ಟಿ ನೋವು ನಾಳೆ ಹೋಗ್ತದ್ರಿ. ಮೊಣಕಾಲಂದ್ರ ಟೀಮಿಂದ ಹೆಸರು ಹೊಡೀತಾರ್ರಿ." ಹಿಂದಿನ ವರ್ಷ ಒಬ್ಬ ಹುಡುಗನಿಗೆ ಹಾಗೇ ಆಗಿತ್ತಂತೆ. ಅದರ ಮೇಲೆ, ತಡವಾಗಿ ಬಂದರೆ 50 ಬಸ್ಕಿ ಶಿಕ್ಷೆ.

ಖೋ-ಖೋ ಆಟದಲ್ಲಿ ಎಂಟು ಜನ ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಬೆನ್ನಿಗೆ 'ಖೋ' ಬಿದ್ದ ತಕ್ಷಣ ಚಿಮ್ಮಬೇಕು. ಪ್ರತಿ ಸಲವೂ ತೊಡೆಯ ಸ್ನಾಯು ಆ ಉಬ್ಬನ್ನೇ ಜಗ್ಗುತ್ತದೆ.

ಇನ್ನೂ ಕೆಲವು ಕೇಳಿದೆ. ರಾತ್ರಿ ನೋವಿನಿಂದ ಎಚ್ಚರ ಆಗುತ್ತಾ? ಜ್ವರ, ತೂಕ ಇಳಿಯೋದು? ಮಂಡಿ ಊದಿದೆಯಾ, ಸಿಕ್ಕಿಕೊಳ್ಳುತ್ತಾ, ಕುಸಿಯುತ್ತಾ? ಎಲ್ಲಕ್ಕೂ ಇಲ್ಲ ಅಂದ. ಒಂದಕ್ಕೆ ಹೌದು ಅಂದಿದ್ದರೂ ಅವತ್ತೇ ಆಸ್ಪತ್ರೆಗೆ ಕಳಿಸುತ್ತಿದ್ದೆ. ಈ ವಯಸ್ಸಲ್ಲಿ ಮೊಣಕಾಲ ಹತ್ತಿರದ ಎಲುಬಿನಲ್ಲಿ ಗಡ್ಡೆ ಬರುವುದು ಅಪರೂಪ, ಆದರೆ ಬರುತ್ತದೆ. ಒಂದೇ ಕಾಲಿನ ನೋವು ನಿದ್ದೆಗೆಡಿಸಿದರೆ 'ಬೆಳೆಯೋ ಮಕ್ಕಳಿಗೆ ಇದ್ದದ್ದೇ' ಅಂತ ಸುಮ್ನೆ ಬಿಡಬಾರದು.

ಕಾಯಿಲೆಗೆ ಹೆಸರಿಡುವುದು ನನ್ನ ಕೆಲಸವಲ್ಲ. ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಅವರು ಮೊದಲು ಸೊಂಟದ ಕೀಲು ತಿರುಗಿಸಿ ನೋಡಿದರಂತೆ. "ಮೊಣಕಾಲಿಗಿ ಹೋದ್ರ ಸೊಂಟ ಯಾಕ ನೋಡ್ತಾರ್ರಿ?" ಅಂತ ಅಪ್ಪನಿಗೆ ಅನುಮಾನ. ಬೆಳೆಯುವ ಮಕ್ಕಳಲ್ಲಿ ಸೊಂಟದ ಕೀಲು ಜಾರಿದರೂ ನೋವು ಮೊಣಕಾಲಲ್ಲೇ ಕಾಣಿಸಿಕೊಳ್ಳಬಹುದು, ಅದಕ್ಕೆ. ಆಮೇಲೆ ಬೋರಲು ಮಲಗಿಸಿ ಕಾಲು ಮಡಚಿದರು. ಬಲ ಹಿಮ್ಮಡಿ ಕುಂಡೆಗೆ ತಾಗಿತು, ಎಡದ್ದು ನಾಲ್ಕು ಬೆರಳು ದೂರವೇ ಉಳಿಯಿತು. ತೊಡೆ ಅಷ್ಟು ಬಿಗಿದಿತ್ತು. ಒಂದು ಎಕ್ಸ್-ರೇ ಆಯಿತು. ಆಸ್‌ಗುಡ್-ಶ್ಲಾಟರ್ ಎಂದರು. 1903ರಲ್ಲಿ ಬೋಸ್ಟನ್‌ನ ಆಸ್‌ಗುಡ್, ಜ್ಯೂರಿಕ್‌ನ ಶ್ಲಾಟರ್ ಬೇರೆ ಬೇರೆಯಾಗಿ ಇದನ್ನು ಬರೆದಿದ್ದರು. ಚಿಪ್ಪಿನಿಂದ ಇಳಿಯುವ ಸ್ನಾಯುರಜ್ಜು ಎಲುಬಿಗೆ ಅಂಟುವ ಜಾಗ ಈ ವಯಸ್ಸಲ್ಲಿ ಇನ್ನೂ ಎಳೆಯದು. ಸರಸರ ಎತ್ತರ ಆಗುವಾಗ ಎಳೆತ ಜಾಸ್ತಿಯಾಗಿ ಅಲ್ಲಿ ನೋಯುತ್ತದೆ. ಬೆಳವಣಿಗೆ ಮುಗಿದರೆ ಸಾಮಾನ್ಯವಾಗಿ ನೋವು ಹೋಗುತ್ತದೆ, ಉಬ್ಬು ಮಾತ್ರ ಉಳಿಯಬಹುದು.

ಡಾಕ್ಟರು ವಿಶ್ರಾಂತಿ ಅಂದದ್ದಕ್ಕೆ ಹುಡುಗ ಅತ್ತನಂತೆ. ಅವನ ಕಿವಿಗೆ ಅದು ಶಿಕ್ಷೆ. ಹಾಗಾಗಿ ಡಾಕ್ಟರನ್ನೂ ಕೇಳಿಕೊಂಡು ನಾನು ಆ ಪದವನ್ನೇ ಬಿಟ್ಟೆ. ನೋವಿಗೆ 0ಯಿಂದ 10ರವರೆಗೆ ನಂಬರ್ ಕೊಡು ಎಂದೆ. ಆಡುವಾಗ 3ರ ಒಳಗಿದ್ದು ಮರುದಿನ ಬೆಳಿಗ್ಗೆ ಇಲ್ಲವಾದರೆ ನಡೆಯಲಿ. ಅದಕ್ಕಿಂತ ಜಾಸ್ತಿಯಾದರೆ, ಕುಂಟಿದರೆ, ಅವತ್ತಿಗೆ ಸಾಕು. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರಿ. ಮೊದಲ ಕೆಲವು ವಾರ ಚೌಕ, ಕಂಬದ ಡೈವ್, ಕಪ್ಪೆ ಜಿಗಿತ ಬೇಡ. ದಿನಾ ತೊಡೆಯ ಮುಂದಿನ, ಹಿಂದಿನ ಸ್ನಾಯು ಚಾಚುವುದು, ಫಿಸಿಯೋ ಹೇಳಿದ ವ್ಯಾಯಾಮ. ಆಟದ ನಂತರ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ. ಮನೇಲಿ ಫ್ರಿಜ್ ಇಲ್ಲ, ಸೋಡಾ ಅಂಗಡಿಯವರು ಕೊಡುತ್ತಾರೆ.

ಅಪ್ಪನಿಗೆ ಹೇಳಿದ್ದು ಎರಡೇ. ಒಂದು, ಎಣ್ಣೆ ಹಚ್ಚಿ ಎಳೆಯುವವರ ಹತ್ತಿರ ಬೇಡ, ಆ ಉಬ್ಬಿಗೆ ಸ್ಟೀರಾಯ್ಡ್ ಇಂಜೆಕ್ಷನ್ನೂ ಬೇಡ. ಇನ್ನೊಂದು, 'ಸುಳ್ಳ' ಅಂದದ್ದನ್ನು ವಾಪಸ್ ತಗೊಳ್ಳಿ. ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಬಸ್‌ಸ್ಟ್ಯಾಂಡಲ್ಲಿ ಮಗನಿಗೆ ಮಿರ್ಚಿ ಭಜಿ ಕೊಡಿಸಿದರಂತೆ.

ಕಷ್ಟವಾದದ್ದು ದೈಹಿಕ ಶಿಕ್ಷಕರ ಜೊತೆ. "ಎಲ್ರೂ ಮೊಣಕಾಲಂದ್ರ ಟೀಮೇ ಉಳಿಯಂಗಿಲ್ರಿ." ಅವರ ಚಿಂತೆಯೂ ಸುಳ್ಳಲ್ಲ. ಬಸ್ಕಿ ನೋಯುವ ಜಾಗಕ್ಕೇ ಬೀಳುವ ಶಿಕ್ಷೆ ಎಂದು ವಿವರಿಸಿದೆ. ಆಮೇಲೆ ಒಂದೇ ಬೇಡಿಕೆ ಇಟ್ಟೆ: ತಂಡದಲ್ಲಿ 12 ಜನ, ಅಂಕಣಕ್ಕಿಳಿಯೋರು 9. ನೋವು ಹೇಳಿದವನ ಹೆಸರು ಆ ಉಳಿದ ಮೂವರಲ್ಲಾದರೂ ಇರಲಿ. ಅರೆಮನಸ್ಸಿನಿಂದ ಒಪ್ಪಿದರು. ಬಸ್ಕಿ ನಿಂತಿತೋ ಇಲ್ಲವೋ, ಗೊತ್ತಿಲ್ಲ.

ತಾಲೂಕು ಪಂದ್ಯ ತಪ್ಪಿತು. ಹತ್ತು ವಾರ ಆದಮೇಲೆ ನೋಟ್‌ಬುಕ್ ತಂದಿದ್ದ: 2, 1, 2, 1, 7. ಏಳು ಯಾಕೋ ಅಂದೆ.

"ಅಪ್ಪಾನ ಕೆಲ್ಸದ ಕಡಿ, ಪರಸಿ ಮ್ಯಾಲ ಆಡಿದ್ನಿರಿ. ಬರಿಗಾಲಲ್ಲಿ."

ಎರಡು ದಿನ ಜಿಗಿಯಬೇಡ, ಐಸ್ ಇಡು, ಶನಿವಾರ ಮತ್ತೆ ಹಾಳೆ ತೋರಿಸು ಅಂತ ಹೇಳಿ ಕಳಿಸಿದೆ.